ಸರೋವರಸೀಮೆಯೂ ಮಲೆನಾಡೂ: ಪರಂಪರೆಯ ಬಿನ್ನಹಗಳ ಒಂದು ವಿಮರ್ಶೆ

೧

ಒಂದು ಸೀಮೆಯ ನೆಲದ ಚೆಲುವನ್ನೂ ಅಲ್ಲಿಯ ಜನರ ಬಾಳಿನ ಕ್ರಮವನ್ನೂ ಕಾಪಾಡಿಕೊಡಬೇಕೆಂದು ಸರ್ಕಾರಗಳಿಗೂ ಅಂತರರಾಷ್ಟ್ರೀಯ ಸಂಸ್ಥೆಗಳಿಗೂ ಬಿನ್ನಹ ಮಾಡಿಕೊಳ್ಳುವ ಪದ್ಧತಿಯು ಈಚೆಗೆ ಎಲ್ಲ ದೇಶಗಳಲ್ಲಿಯೂ ಬಳಕೆಗೆ ಬಂದಿದೆ. ಯುನೆಸ್ಕೋ ಸಂಸ್ಥೆಯು ೧೯೭೨ರಲ್ಲಿ ಅಂಗೀಕರಿಸಿದ ಒಡಂಬಡಿಕೆಯಂತೆ 'ವಿಶ್ವ ಪರಂಪರೆ'ಯ ಪಟ್ಟಿಯೊಂದು ಏರ್ಪಟ್ಟಿತು. ನಮ್ಮ ನಾಡಿನಿಂದ ಹಂಪೆಯು ೧೯೮೬ರಲ್ಲಿಯೂ, ಪಟ್ಟದಕಲ್ಲು ೧೯೮೭ರಲ್ಲಿಯೂ, ಪಶ್ಚಿಮಘಟ್ಟಗಳ ಕೆಲವು ಭಾಗಗಳು ೨೦೧೨ರಲ್ಲಿಯೂ, ಬೇಲೂರು ಹಳೇಬೀಡು ಸೋಮನಾಥಪುರಗಳ ಹೊಯ್ಸಳ ದೇವಾಲಯಗಳು ೨೦೨೩ರಲ್ಲಿಯೂ ಆ ಪಟ್ಟಿಗೆ ಸೇರಿದವು.

ಈ ಮನ್ನಣೆಗಾಗಿ ಬರೆಯುವ ಬಿನ್ನಹಪತ್ರಗಳನ್ನು ಅಧಿಕಾರಿಗಳೂ ಶಿಲ್ಪಜ್ಞರೂ ಜೀವಶಾಸ್ತ್ರಜ್ಞರೂ ಓದುತ್ತಾರೆ. ಸಾಹಿತ್ಯವಿಮರ್ಶಕರು ಓದುವ ವಾಡಿಕೆಯಿಲ್ಲ. ಓದಬೇಕೆಂಬುದೇ ಪ್ರಸ್ತುತ ಲೇಖನದ ವಾದ. ಬಿನ್ನಹಪತ್ರವೂ ಒಂದು ವರ್ಣನೆಯೇ ಆಗಿದೆ. ನಮ್ಮ ಪ್ರಾಚೀನ ಕಾವ್ಯಗಳ ಅಷ್ಟಾದಶವರ್ಣನೆಗಳಲ್ಲಿ ಶೈಲವೂ ಒಂದು. ಶೈಲವನ್ನು ವರ್ಣಿಸುವಾಗ ಏನನ್ನು ಹೇಳಬೇಕು, ಏನನ್ನು ಬಿಡಬಹುದು ಎಂಬುದಕ್ಕೆ ಕವಿಗಳಲ್ಲಿ ಒಂದು ರೂಢಿಯಿತ್ತು. ಬಿನ್ನಹಪತ್ರಕ್ಕೂ ಅಂಥ ರೂಢಿಗಳುಂಟು. ಭೇದವು ಇಷ್ಟೆ: ಕಾವ್ಯದ ವರ್ಣನೆಯಲ್ಲಿ ಬಿಟ್ಟುಹೋದುದರಿಂದ ರಸಕ್ಕೆ ಕೊರತೆಯಾದೀತು; ಬಿನ್ನಹದ ವರ್ಣನೆಯಲ್ಲಿ ಬಿಟ್ಟುಹೋದುದು ರಕ್ಷಣೆಯಿಂದಲೇ ಹೊರಗುಳಿಯುತ್ತದೆ.

ಈ ಮಾತನ್ನು ಸ್ಥಾಪಿಸುವುದಕ್ಕೆ ಎರಡು ಬೆಟ್ಟದ ಸೀಮೆಗಳನ್ನು ತೆಗೆದುಕೊಳ್ಳುತ್ತೇನೆ. ಒಂದು, ಇಂಗ್ಲೆಂಡಿನ ವಾಯವ್ಯಕ್ಕಿರುವ ಸರೋವರಸೀಮೆ. ಮತ್ತೊಂದು, ನಮ್ಮ ಮಲೆನಾಡು. ಮೊದಲನೆಯದಕ್ಕೆ ೨೦೧೭ರಲ್ಲಿ ದೊರೆತ ಮನ್ನಣೆಯು ಒಬ್ಬ ಕವಿಯ ಗದ್ಯಗ್ರಂಥದಿಂದ ಮೊಳೆತು ಎರಡು ಶತಮಾನ ಬೆಳೆದದ್ದು. ಎರಡನೆಯದಕ್ಕೆ ೨೦೧೨ರಲ್ಲಿ ದೊರೆತ ಮನ್ನಣೆಯಲ್ಲಿ ಅಲ್ಲಿಯ ಕವಿಗಳಿಗೂ ಕಾದಂಬರಿಕಾರರಿಗೂ, ಅವರು ಚಿತ್ರಿಸಿದ ಜನರಿಗೂ ಎಡೆಯೇ ದೊರೆಯಲಿಲ್ಲ. ಈ ಭೇದದ ಕಾರಣವನ್ನೂ ಫಲವನ್ನೂ ವಿಚಾರಿಸುವುದು ಉಚಿತವಾಗಿದೆ.

೨

ವರ್ಡ್ಸ್‌ವರ್ತ್ ಕವಿಯ ಪದ್ಯಗಳು ನಮ್ಮ ವಿದ್ಯಾರ್ಥಿಗಳಿಗೆಲ್ಲ ಪರಿಚಿತವಾಗಿವೆ. ಆದರೆ ಅವನು ತನ್ನ ನಾಡನ್ನು ಕುರಿತು ಬರೆದ ಗದ್ಯಗ್ರಂಥವನ್ನು ಓದುವವರು ವಿರಳ. ಇದು ೧೮೧೦ರಲ್ಲಿ, ವಿಲ್ಕಿನ್‌ಸನ್ ಎಂಬ ಪಾದ್ರಿಯ ಚಿತ್ರಸಂಪುಟವೊಂದಕ್ಕೆ ಮುನ್ನುಡಿಯಾಗಿ, ಕರ್ತೃವಿನ ಹೆಸರಿಲ್ಲದೆ ಹೊರಬಿತ್ತು. ೧೮೨೦ರಲ್ಲಿ ಡಡನ್ ನದಿಯನ್ನು ಕುರಿತ ಸುನೀತಗಳೊಡನೆ ಸೇರಿತು. ೧೮೨೨ರಲ್ಲಿ ಪ್ರತ್ಯೇಕ ಗ್ರಂಥವಾಯಿತು. ೧೮೩೫ರಲ್ಲಿ ಐದನೆಯ ಮುದ್ರಣವಾಗಿ ಈಗಿನ ರೂಪಕ್ಕೆ ಬಂದಿತು. 'ಸರೋವರಗಳ ಮಾರ್ಗದರ್ಶಿ' ಎಂಬ ಹೆಸರಿನಿಂದ ಇದು ಯಾತ್ರಿಕರ ಕೈಪಿಡಿಯೆಂದು ತೋರುತ್ತದೆ. ಮಾರಾಟದ ದೃಷ್ಟಿಯಿಂದ ಹಾಗೆ ಆದುದೂ ನಿಜವೇ. ಆದರೆ ಅದರ ಒಡಲು ಕೈಪಿಡಿಯದಲ್ಲ.

ಗ್ರಂಥದ ಮುಖ್ಯಭಾಗವು ಮೂರು ಪ್ರಕರಣಗಳಾಗಿದೆ. ಮೊದಲನೆಯದು ಪ್ರಕೃತಿಯು ಆ ನಾಡನ್ನು ರೂಪಿಸಿದ ಬಗೆ. ಎರಡನೆಯದು ನಿವಾಸಿಗಳು ಅದನ್ನು ಮಾರ್ಪಡಿಸಿದ ಬಗೆ. ಮೂರನೆಯದು ಈಚೆಗೆ ಬಂದೊದಗಿದ ವಿಕಾರಗಳೂ ಅವುಗಳಿಗೆ ಪರಿಹಾರವೂ. ಈ ಅನುಕ್ರಮವೇ ಗ್ರಂಥದ ಸಿದ್ಧಾಂತವೆಂದು ನಾನು ತಿಳಿಯುತ್ತೇನೆ. ಮೊದಲ ಪ್ರಕರಣದಲ್ಲಿ ಕವಿಯು ವಾಚಕನನ್ನು ಎರಡು ಎತ್ತರವಾದ ಶಿಖರಗಳ ನಡುವೆ ತೇಲುವ ಮೋಡದ ಮೇಲೆ ಕುಳ್ಳಿರಿಸಿ, ಚಕ್ರದ ಗುಂಬದಿಂದ ಅರೆಕಾಲುಗಳು ಹೊರಟಂತೆ ಒಂದೇ ನಡುವಿನಿಂದ ಸುತ್ತಲೂ ಕವಲೊಡೆದ ಕಣಿವೆಗಳನ್ನು ತೋರಿಸುತ್ತಾನೆ. ಈ ನೋಟವು ಭೂಗೋಳಶಾಸ್ತ್ರಜ್ಞನಿಗೂ ಒಪ್ಪಿತವಾಗುವಂಥದು. ಎರಡನೆಯ ಪ್ರಕರಣದಲ್ಲಿ ಅವನು ಮೋಡದಿಂದ ಕೆಳಗಿಳಿಯುತ್ತಾನೆ. ಅಲ್ಲಿ ಕಾಣುವವರು ಸ್ವಂತ ಹಿಡುವಳಿಯುಳ್ಳ ಸಣ್ಣ ಒಕ್ಕಲುಗಳು. ಕಣಿವೆಯ ತಳದಲ್ಲಿ ಕಲ್ಲುಗೋಡೆಗಳಿಂದ ಬಳಸಿದ ತುಂಡುಹೊಲಗಳು. ಮೇಲೆ ಎಲ್ಲರಿಗೂ ಸೇರಿದ ಬೆಟ್ಟದ ಹುಲ್ಲುಗಾವಲು. ಮನೆಯಲ್ಲಿ ಹೆಂಗಸರೂ ಮಕ್ಕಳೂ ನೂಲುವ ಉಣ್ಣೆ. ಮನೆಗಳು ಆ ನೆಲದ ಕಲ್ಲಿನಿಂದಲೇ ಆದವಾದ್ದರಿಂದ ಕಣ್ಣಿಗೆ ಬೇರೆಯಾಗಿ ತೋರುವುದಿಲ್ಲ. ಕವಿಯು ಈ ಸಮಾಜವನ್ನು ಕುರುಬರ ಗಣರಾಜ್ಯವೆಂಬ ಭಾವನೆಯಿಂದ ಚಿತ್ರಿಸುತ್ತಾನೆ.

ಇಲ್ಲಿ ಗಮನಿಸತಕ್ಕ ಅಂಶವೊಂದುಂಟು. ಅವನಿಗಿಂತ ಮುಂಚೆ ಆ ಸೀಮೆಗೆ ಬಂದ ಚಿತ್ರಕಾರರಿಗೂ ಪ್ರವಾಸಿಗಳಿಗೂ ಬೆಟ್ಟವು ದೃಶ್ಯವಾಗಿತ್ತು. ಮನುಷ್ಯನು ಆ ದೃಶ್ಯದೊಳಗಿನ ಚುಕ್ಕೆಯಾಗಿದ್ದನು. ವರ್ಡ್ಸ್‌ವರ್ತನು ದೃಶ್ಯಕ್ಕೆ ಕಾರಣವನ್ನು ಹುಡುಕಿದನು. ಕಣಿವೆಯ ಚೆಲುವೆಂಬುದು ಯಾರೊಬ್ಬರೂ ಚೆಲುವಿಗಾಗಿ ಮಾಡಿದುದಲ್ಲ. ಹಿಡುವಳಿ, ಮೇವು, ನೂಲು ಎಂಬ ಮೂರು ಜೀವನೋಪಾಯಗಳ ಹೆಣಿಗೆಯಿಂದ ತಾನಾಗಿ ಒದಗಿದುದು ಎಂದು ತೋರಿಸಿದನು. ಸಾಹಿತ್ಯದಲ್ಲಿ ಭೂದೃಶ್ಯದ ಮೀಮಾಂಸೆಯು ಇಲ್ಲಿ ಒಂದು ದೊಡ್ಡ ಹೆಜ್ಜೆಯನ್ನಿಟ್ಟಿತೆಂದು ಹೇಳಬಹುದು.

೩

ಇರಲಿ. ಮೂರನೆಯ ಪ್ರಕರಣಕ್ಕೆ ಬಂದೊಡನೆ ಗ್ರಂಥದ ಬಲವೂ ದೌರ್ಬಲ್ಯವೂ ಒಟ್ಟಿಗೆ ಕಾಣುತ್ತವೆ. ಯಂತ್ರಗಳು ಬಂದು ಮನೆಯ ನೂಲುವಿಕೆಯು ಅಳಿಯಿತು; ಆ ವರಮಾನವು ನಿಂತುಹೋಗಲು ಸಣ್ಣ ಒಕ್ಕಲುಗಳು ಸಾಲಕ್ಕೆ ಸಿಕ್ಕಿದವು; ಹೊಲಗಳು ಹೊರಗಿನ ಧನಿಕರ ಕೈಗೆ ಹೋದವು. ಆ ಧನಿಕರು ಗುಡ್ಡದ ನೆತ್ತಿಯ ಮೇಲೆ ಸುಣ್ಣ ಬಳಿದ ಬಿಳಿಯ ಮನೆಗಳನ್ನು ಕಟ್ಟಿದರು. ನಾಡಮರಗಳಿದ್ದೆಡೆ ಲಾರ್ಚ್ ಎಂಬ ಪರದೇಶದ ಮರವನ್ನು ಸಾಲುಸಾಲಾಗಿ ನೆಟ್ಟರು. ಈ ರೋಗನಿದಾನವು ಅತ್ಯಂತ ನಿಷ್ಕೃಷ್ಟವಾಗಿದೆ; ರೋಗದ ಮೂಲವು ಜೀವನೋಪಾಯದಲ್ಲಿದೆಯೆಂದು ಕವಿಯು ಸ್ಪಷ್ಟವಾಗಿ ಕಂಡುಕೊಂಡಿದ್ದಾನೆ. ಆದರೆ ಅವನು ಕೊಡುವ ಔಷಧವು ಅಭಿರುಚಿ! ಹೊಸ ಧನಿಕರು ಒಳ್ಳೆಯ ಅಭಿರುಚಿಯನ್ನು ಕಲಿತರೆ, ಬಣ್ಣವನ್ನೂ ಮರವನ್ನೂ ಉಚಿತವಾಗಿ ಆರಿಸಿದರೆ, ನಾಡು ಉಳಿದೀತೆಂದು ಅವನು ಆಶಿಸುತ್ತಾನೆ. ನಿದಾನವು ಅರ್ಥಶಾಸ್ತ್ರದ್ದು, ಚಿಕಿತ್ಸೆಯು ಅಲಂಕಾರಶಾಸ್ತ್ರದ್ದು. ಇವೆರಡರ ನಡುವಿನ ಬಿರುಕು ಮುಂದಿನ ಎಲ್ಲ ಬಿನ್ನಹಗಳಿಗೂ ಬಳುವಳಿಯಾಗಿ ಬಂದಿತು.

ಈ ಪ್ರಕರಣದ ಕೊನೆಯಲ್ಲಿಯೇ ಇತಿಹಾಸಪ್ರಸಿದ್ಧವಾದ ಆ ವಾಕ್ಯವು ಬರುತ್ತದೆ. ಈ ಸೀಮೆಯನ್ನು ಒಂದು ಬಗೆಯ ರಾಷ್ಟ್ರಸ್ವತ್ತೆಂದು ಎಣಿಸಬೇಕು, ನೋಡುವ ಕಣ್ಣೂ ಸವಿಯುವ ಹೃದಯವೂ ಉಳ್ಳವರಿಗೆಲ್ಲ ಅದರಲ್ಲಿ ಹಕ್ಕಿದೆ ಎಂಬುದು ಅದರ ತಾತ್ಪರ್ಯ. ರಾಷ್ಟ್ರೀಯ ಉದ್ಯಾನಗಳ ಕಲ್ಪನೆಗೆ ಇದನ್ನೇ ಬೀಜವೆಂದು ಹೇಳುವುದುಂಟು. ವಿಮರ್ಶಕನು ಇಲ್ಲಿ ಸ್ವಲ್ಪ ನಿಲ್ಲಬೇಕು. ಹಕ್ಕು ಯಾರಿಗೆ? ನೋಡುವವನಿಗೆ. ಉಳುವವನ ಹಕ್ಕು, ಮೇಯಿಸುವವನ ಹಕ್ಕು ಆ ವಾಕ್ಯದಲ್ಲಿಲ್ಲ. ಎರಡನೆಯ ಪ್ರಕರಣವು ಯಾರನ್ನು ಚೆಲುವಿನ ಕರ್ತೃವೆಂದು ಸ್ಥಾಪಿಸಿತೋ ಅವನನ್ನು ಮೂರನೆಯ ಪ್ರಕರಣದ ಮಹಾವಾಕ್ಯವು ಮರೆತಿದೆ. ಹತ್ತೊಂಬತ್ತನೆಯ ಶತಮಾನದ ಸಂರಕ್ಷಕರು ಬಹುಮಟ್ಟಿಗೆ ಆ ವಾಕ್ಯವನ್ನು ಹಿಡಿದರು, ಆ ಪ್ರಕರಣವನ್ನು ಬಿಟ್ಟರು.

ಕವಿಯಾಗಿ ಅವನು ಮರೆತಿರಲಿಲ್ಲ ಎಂಬುದಕ್ಕೆ ೧೮೦೦ರಲ್ಲಿ ಬರೆದ 'ಮೈಕೇಲ್' ಕವನವೇ ಸಾಕ್ಷಿ. ಮುದುಕನಾದ ಕುರುಬನೊಬ್ಬನು ಬಂಧುವಿನ ಸಾಲಕ್ಕೆ ಹೊಣೆ ನಿಂತು, ಹೊಲದ ಒಂದು ಭಾಗವನ್ನು ಮಾರಬೇಕಾಗಿ ಬಂದಾಗ, ಹೊಲವನ್ನು ಉಳಿಸುವುದಕ್ಕಾಗಿ ಒಬ್ಬನೇ ಮಗನನ್ನು ದುಡಿಯಲು ಪಟ್ಟಣಕ್ಕೆ ಕಳುಹಿಸುತ್ತಾನೆ. ಮಗನು ಅಲ್ಲಿ ದಾರಿಗೆಟ್ಟು ಕಡಲಾಚೆಗೆ ಓಡಿಹೋಗುತ್ತಾನೆ. ತಂದೆಯು ಕಟ್ಟಲಾರಂಭಿಸಿದ ಕುರಿದೊಡ್ಡಿಯು ಮುಗಿಯುವುದಿಲ್ಲ. ಮುದುಕನೂ ಮುದುಕಿಯೂ ಸತ್ತ ಮೇಲೆ ಹೊಲವು ಅನ್ಯರ ಪಾಲಾಗುತ್ತದೆ. ಈ ಕವನವಿರುವ ಸಂಪುಟವನ್ನು ಕವಿಯು ೧೮೦೧ರ ಜನವರಿಯಲ್ಲಿ ಚಾರ್ಲ್ಸ್ ಜೇಮ್ಸ್ ಫಾಕ್ಸ್ ಎಂಬ ರಾಜಕಾರಣಿಗೆ ಕಳುಹಿಸಿ, ಜೊತೆಗೆ ಒಂದು ದೀರ್ಘಪತ್ರವನ್ನೂ ಬರೆದನು. ತುಂಡುಭೂಮಿಯ ಒಡೆತನವು ಬಡವರ ಮನೆಯ ಮಮತೆಗಳಿಗೆ ಆಸರೆಯಾಗಿದೆ, ಆ ಒಡೆತನ ಹೋದರೆ ಮಮತೆಗಳೂ ಸಡಿಲುವುವು ಎಂಬುದು ಆ ಪತ್ರದ ಸಾರ. ಸರೋವರಸೀಮೆಯ ಪರವಾಗಿ ಅಧಿಕಾರಸ್ಥರಿಗೆ ಹೋದ ಬಿನ್ನಹಗಳಲ್ಲಿ ಇದು ಮೊದಲ ಸಾಲಿನದು. ಅದರ ವಿಷಯವು ಬೆಟ್ಟವಲ್ಲ, ಬೆಟ್ಟದ ಒಕ್ಕಲು.

೪

ಇಷ್ಟು ಪೀಠಿಕೆಯಿಂದ ಮುಂದಿನ ಚರಿತ್ರೆಯನ್ನು ಬೇಗನೆ ದಾಟಬಹುದು. ೧೮೪೪ರಲ್ಲಿ ಕೆಂಡಲ್ ಪಟ್ಟಣದಿಂದ ವಿಂಡರ್‌ಮಿಯರ್ ಸರೋವರದ ಕಡೆಗೆ ರೈಲುದಾರಿಯನ್ನು ಹಾಕುವ ಯೋಜನೆಯಾದಾಗ, ಆಸ್ಥಾನಕವಿಯಾಗಿದ್ದ ವರ್ಡ್ಸ್‌ವರ್ತನು ಒಂದು ಸುನೀತದಿಂದಲೂ ವೃತ್ತಪತ್ರಿಕೆಗೆ ಬರೆದ ಎರಡು ಪತ್ರಗಳಿಂದಲೂ ಅದನ್ನು ವಿರೋಧಿಸಿದನು. ಬೆಟ್ಟವನ್ನು ಸವಿಯುವ ಶಕ್ತಿಯು ಹುಟ್ಟಿನಿಂದ ಬರುವುದಲ್ಲ, ನಿಧಾನವಾಗಿ ಕಲಿಯತಕ್ಕದ್ದು. ಕಾರ್ಖಾನೆಯ ಕೂಲಿಗಳನ್ನು ಗುಂಪುಗುಂಪಾಗಿ ಕರೆತಂದರೆ ಅವರಿಗೆ ಲಾಭವಿಲ್ಲ, ಸೀಮೆಗೆ ಕೇಡು ಎಂದು ವಾದಿಸಿದನು. 'ಎಲ್ಲರ ಸ್ವತ್ತು' ಎಂದವನು 'ಎಲ್ಲರೂ ಬರಬೇಡಿರಿ' ಎಂದುದು ಅಂದಿನಿಂದಲೂ ಆಕ್ಷೇಪಕ್ಕೆ ಗುರಿಯಾಗಿದೆ. ಹಕ್ಕನ್ನು ನೋಟದ ಮೇಲೆ ನಿಲ್ಲಿಸಿದವನಿಗೆ ನೋಟದಲ್ಲಿ ತರತಮವನ್ನು ಮಾಡದೆ ಗತ್ಯಂತರವಿರಲಿಲ್ಲ. ರೈಲು ೧೮೪೭ರಲ್ಲಿ ಬಂದೇಬಂದಿತು.

ಅನಂತರ ಮ್ಯಾಂಚೆಸ್ಟರ್ ನಗರಕ್ಕೆ ಕುಡಿಯುವ ನೀರಿಗಾಗಿ ಥರ್ಲ್‌ಮಿಯರ್ ಸರೋವರಕ್ಕೆ ಅಣೆಕಟ್ಟನ್ನು ಕಟ್ಟುವ ಯೋಜನೆಗೆ ೧೮೭೯ರಲ್ಲಿ ಪಾರ್ಲಿಮೆಂಟಿನ ಒಪ್ಪಿಗೆ ಸಿಕ್ಕಿತು, ವಿರೋಧವು ಸೋತಿತು, ಕಣಿವೆಯ ಹೊಲಮನೆಗಳು ನೀರಿನಲ್ಲಿ ಮುಳುಗಿದವು, ೧೮೯೪ರಲ್ಲಿ ನೀರು ೯೬ ಮೈಲಿಗಳ ಕಾಲುವೆಯಲ್ಲಿ ಹರಿದು ನಗರವನ್ನು ಮುಟ್ಟಿತು. ಸೋತವರು ಸುಮ್ಮನಾಗಲಿಲ್ಲ. ಕ್ಯಾನನ್ ರಾನ್‌ಸ್ಲಿ ಎಂಬ ಪಾದ್ರಿಯು ೧೮೮೩ರಲ್ಲಿ ಸರೋವರಸೀಮೆಯ ರಕ್ಷಣೆಗೆಂದು ಒಂದು ಸಂಘವನ್ನು ಸ್ಥಾಪಿಸಿದನು. ಅವನೂ ಆಕ್ಟೇವಿಯ ಹಿಲ್ ಮತ್ತು ರಾಬರ್ಟ್ ಹಂಟರ್ ಎಂಬವರೂ ಸೇರಿ ೧೮೯೫ರಲ್ಲಿ 'ನ್ಯಾಷನಲ್ ಟ್ರಸ್ಟ್' ಎಂಬ ನಿಧಿಯನ್ನು ಆರಂಭಿಸಿದರು. ವಾಕ್ಯವು ಹೀಗೆ ಸಂಸ್ಥೆಯಾಯಿತು. ೧೯೪೯ರ ಶಾಸನದ ಮೇರೆಗೆ ೧೯೫೧ರಲ್ಲಿ ಆ ಸೀಮೆಯು ರಾಷ್ಟ್ರೀಯ ಉದ್ಯಾನವೂ ಆಯಿತು.

ಮರೆತುಹೋದ ಎರಡನೆಯ ಪ್ರಕರಣವನ್ನು ಮತ್ತೆ ಎತ್ತಿಕೊಂಡವರಲ್ಲಿ ಅಗ್ರಗಣ್ಯಳು ಮಕ್ಕಳ ಕಥೆಗಳಿಂದ ಲೋಕಪ್ರಸಿದ್ಧಳಾದ ಬಿಯಾಟ್ರಿಕ್ಸ್ ಪಾಟರ್. ಈಕೆಯು ಪುಸ್ತಕಗಳಿಂದ ಬಂದ ಹಣದಿಂದ ಬೆಟ್ಟದ ಹಿಡುವಳಿಗಳನ್ನು ಕೊಂಡು, ಅಲ್ಲಿಯ ನಾಡತಳಿಯಾದ ಹರ್ಡ್‌ವಿಕ್ ಕುರಿಗಳನ್ನು ಸಾಕಿ, ೧೯೪೩ರಲ್ಲಿ ತೀರಿಕೊಂಡಾಗ ೪,೦೦೦ ಎಕರೆಗೂ ಮೇಲ್ಪಟ್ಟ ಭೂಮಿಯನ್ನು ಆ ನಿಧಿಗೆ ಬಿಟ್ಟಳು. ಆ ಹಿಡುವಳಿಗಳಲ್ಲಿ ಹರ್ಡ್‌ವಿಕ್ ಮಂದೆಗಳನ್ನು ಸಾಕಿಕೊಂಡು ಬರಬೇಕೆಂಬುದು ಆಕೆಯ ಇಷ್ಟವಾಗಿತ್ತು. ಆ ಇಷ್ಟದ ಅರ್ಥವನ್ನು ತಿಳಿಯುವುದಕ್ಕೆ ಆ ಕುರಿಗಳ ಸ್ವಭಾವವನ್ನು ಬಲ್ಲವರಾಗಿರಬೇಕು. ಬೇಲಿಯಿಲ್ಲದ ಬೆಟ್ಟದಲ್ಲಿ ಪ್ರತಿಯೊಂದು ಮಂದೆಯೂ ತನ್ನ ಮೇವಿನ ಎಲ್ಲೆಯನ್ನು ತಾನೇ ಬಲ್ಲದು; ಮರಿಯು ಅದನ್ನು ತಾಯಿಯ ಜೊತೆ ಮೇಯುತ್ತ ಕಲಿಯುತ್ತದೆ. ಅಲ್ಲಿಯ ಒಕ್ಕಲುಗಳು ಆ ಎಲ್ಲೆಗೆ 'ಹೀಫ್' ಎನ್ನುತ್ತಾರೆ. ಹಿಡುವಳಿಯು ಕೈಬದಲಾದಾಗ ಮಂದೆಯು ನೆಲದೊಡನೆಯೇ ಉಳಿಯುವುದು ಅಲ್ಲಿಯ ವಾಡಿಕೆ. ಬೆಟ್ಟದ ನಕ್ಷೆಯು ಹೀಗೆ ಕುರಿಗಳ ನೆನಪಿನಲ್ಲಿದೆ. ೨೦೦೧ರಲ್ಲಿ ಕಾಲುಬಾಯಿ ಜ್ವರವು ಹಬ್ಬಿ ಮಂದೆಗಳನ್ನು ಕೊಲ್ಲಬೇಕಾಗಿ ಬಂದಾಗ ಜನರು ಕಳವಳಗೊಂಡುದು ಕುರಿಗಳ ಬೆಲೆಗಾಗಿ ಮಾತ್ರವಲ್ಲ. ಒಮ್ಮೆ ಅಳಿದ ಆ ನೆನಪನ್ನು ಕೊಂಡು ತರಲಾಗದೆಂಬುದಕ್ಕಾಗಿ.

ವಿಶ್ವ ಪರಂಪರೆಯ ಪಟ್ಟಿಗೆ ಈ ಸೀಮೆಯನ್ನು ಸೇರಿಸಬೇಕೆಂಬ ಬಿನ್ನಹವು ಮೊದಲು ಹೋದದ್ದು ೧೯೮೬ರಲ್ಲಿ. ಆಗ ಪಟ್ಟಿಯಲ್ಲಿ ಎರಡೇ ಮನೆಗಳಿದ್ದವು: ಪ್ರಕೃತಿಯದೊಂದು, ಸಂಸ್ಕೃತಿಯದೊಂದು. ಬೆಟ್ಟವು ಬರಿಯ ಪ್ರಕೃತಿಯಲ್ಲ, ಏಕೆಂದರೆ ಅಲ್ಲಿ ಕುರಿ ಮೇದಿದೆ. ಬರಿಯ ಸಂಸ್ಕೃತಿಯೂ ಅಲ್ಲ, ಏಕೆಂದರೆ ಅದು ಗುಡಿಯಲ್ಲ, ಕೋಟೆಯಲ್ಲ. ನಿರ್ಣಾಯಕರು ಬಿನ್ನಹವನ್ನು ಮುಂದಕ್ಕೆ ಹಾಕಿದರು. ೧೯೮೯ರಲ್ಲಿ ಸಂಸ್ಕೃತಿಯ ಹೆಸರಿನಲ್ಲಿ ಮತ್ತೆ ಸಲ್ಲಿಸಿದಾಗಲೂ ಅದು ತೇರ್ಗಡೆಯಾಗಲಿಲ್ಲ. ಆದರೆ ಈ ಸೋಲಿನಿಂದ ಲೋಕಕ್ಕೆ ಉಪಕಾರವಾಯಿತು. ಮನುಷ್ಯನೂ ಪ್ರಕೃತಿಯೂ ಕೂಡಿ ಮಾಡಿದ ಕೃತಿಗಳಿಗೆ ಎಡೆಯಿಲ್ಲವೆಂಬ ಕೊರತೆಯು ಬಯಲಾಗಿ, ಆ ಚರ್ಚೆಗಳ ಫಲವಾಗಿ ೧೯೯೨ರಲ್ಲಿ 'ಸಾಂಸ್ಕೃತಿಕ ಭೂದೃಶ್ಯ' ಎಂಬ ಹೊಸ ವರ್ಗವು ಸಿದ್ಧವಾಯಿತು. ಕೊನೆಗೆ ೨೦೧೭ರ ಜುಲೈ ತಿಂಗಳಲ್ಲಿ, ಪೋಲೆಂಡಿನ ಕ್ರಾಕೋವ್ ನಗರದಲ್ಲಿ ಸೇರಿದ ಅಧಿವೇಶನದಲ್ಲಿ, ಸುಮಾರು ೨ ಲಕ್ಷ ೨೯ ಸಾವಿರ ಹೆಕ್ಟೇರುಗಳ ಸರೋವರಸೀಮೆಯು ಪಟ್ಟಿಗೆ ಸೇರಿತು. ಅದಕ್ಕೆ ಕೊಟ್ಟ ಕಾರಣಗಳು ಮೂರು: ಒಕ್ಕಲುತನ ಮತ್ತು ಕುರಿಸಾಕಣೆಗಳಿಂದ ರೂಪುಗೊಂಡ ನೆಲ, ಆ ನೆಲದಿಂದ ಹುಟ್ಟಿದ ಸಾಹಿತ್ಯ ಮತ್ತು ಕಲೆ, ಆ ಸಾಹಿತ್ಯದಿಂದ ಹುಟ್ಟಿದ ಸಂರಕ್ಷಣೆಯ ಚಳುವಳಿ. ವರ್ಡ್ಸ್‌ವರ್ತನ ಎರಡನೆಯ ಪ್ರಕರಣವೂ ಮೂರನೆಯ ಪ್ರಕರಣವೂ ಇಲ್ಲಿ ಒಂದಾದವು. ನೋಡುವವನ ಪಕ್ಕದಲ್ಲಿ ಉಳುವವನಿಗೂ ಎಡೆ ದೊರೆತಾಗ ಬಿನ್ನಹವು ಗೆದ್ದಿತು.

೫

ಈಗ ನಮ್ಮ ಮಲೆನಾಡಿಗೆ ಬರೋಣ. ೨೦೧೨ರಲ್ಲಿ ಪಶ್ಚಿಮಘಟ್ಟಗಳ ೩೯ ತಾಣಗಳು, ಒಟ್ಟು ೭,೯೫,೩೧೫ ಹೆಕ್ಟೇರುಗಳು, ವಿಶ್ವ ಪರಂಪರೆಯ ಪಟ್ಟಿಗೆ ಸೇರಿದವು. ಅವುಗಳಲ್ಲಿ ಹತ್ತು ಕರ್ನಾಟಕದವು. ಕುದುರೆಮುಖದ ಗುಂಪಿನಲ್ಲಿ ಕುದುರೆಮುಖ, ಆಗುಂಬೆ, ಸೋಮೇಶ್ವರ ಮತ್ತು ಬಾಳಹಳ್ಳಿಯ ಕಾಡುಗಳೂ, ತಲಕಾವೇರಿಯ ಗುಂಪಿನಲ್ಲಿ ಪುಷ್ಪಗಿರಿ, ಬ್ರಹ್ಮಗಿರಿ, ತಲಕಾವೇರಿ, ಪಾಡಿನಾಲ್ಕುನಾಡು ಮತ್ತು ಕೇರ್ತಿಯ ಕಾಡುಗಳೂ ಇವೆ. ಮನ್ನಣೆಗೆ ಕೊಟ್ಟ ಕಾರಣಗಳೆರಡೂ ಪ್ರಕೃತಿಗೆ ಸಂಬಂಧಿಸಿದವು: ಹಿಮಾಲಯಕ್ಕಿಂತಲೂ ಪುರಾತನವಾದ ಬೆಟ್ಟಗಳಲ್ಲಿ ನಡೆಯುತ್ತಿರುವ ಜೀವವಿಕಾಸ; ಮತ್ತು ಜಗತ್ತಿನಲ್ಲಿ ಅಳಿವಿನಂಚಿನಲ್ಲಿರುವ ಕಡಮೆಯೆಂದರೆ ೩೨೫ ಜೀವಜಾತಿಗಳ ನೆಲೆ. ಇವೆರಡೂ ಸತ್ಯವಾದವು, ಮಹತ್ತಾದವು. ಅವುಗಳಲ್ಲಿ ತಪ್ಪೆಣಿಸುವುದು ನನ್ನ ಉದ್ದೇಶವಲ್ಲ. ಆದರೆ ಇದು ವರ್ಡ್ಸ್‌ವರ್ತನ ಮೊದಲ ಪ್ರಕರಣ ಮಾತ್ರ. ವರ್ಣಕನು ಮೋಡದ ಮೇಲೆಯೇ ಕುಳಿತಿದ್ದಾನೆ, ಕೆಳಗಿಳಿಯಲಿಲ್ಲ.

ಇಳಿದಿದ್ದರೆ ಏನನ್ನು ಕಾಣಬಹುದಿತ್ತು? ಅಡಕೆಯ ತೋಟಕ್ಕೆ ಹಸುರೆಲೆಯನ್ನೂ ದರಗನ್ನೂ ಒದಗಿಸುವ ಸೊಪ್ಪಿನಬೆಟ್ಟವನ್ನು ಕಾಣಬಹುದಿತ್ತು. ಮೆಣಸಿನ ಬಳ್ಳಿಯನ್ನು ಹಬ್ಬಿಸಿಕೊಂಡು ಊರಿನವರ ಪಾಲನೆಯಲ್ಲಿದ್ದ ಕಾನುಗಳನ್ನು ಕಾಣಬಹುದಿತ್ತು. ಕೊಡಗಿನಲ್ಲಿ ಕೊಡಲಿ ತಾಗದಂತೆ ದೇವರ ಹೆಸರಿನಲ್ಲಿ ಬಿಟ್ಟ ೧,೨೦೦ಕ್ಕೂ ಮೇಲ್ಪಟ್ಟ ದೇವರಕಾಡುಗಳನ್ನು ಕಾಣಬಹುದಿತ್ತು. ತೋಟ, ಗದ್ದೆ, ಕೊಟ್ಟಿಗೆ, ಬೆಟ್ಟ ಇವು ನಾಲ್ಕು ಬೇರೆ ವಸ್ತುಗಳಲ್ಲ. ಬೆಟ್ಟದ ಸೊಪ್ಪು ಕೊಟ್ಟಿಗೆಗೆ ಹೋಗಿ ಗೊಬ್ಬರವಾಗಿ ತೋಟಕ್ಕೂ ಗದ್ದೆಗೂ ಇಳಿಯುವ ಒಂದೇ ಸುತ್ತು ಅವು. ಆ ಸುತ್ತು ಸಡಿಲಿದ ಕಡೆಯಲ್ಲಿ ಬೆಟ್ಟವು ಬೋಳಾದುದೂ ಉಂಟು. ಮಲೆನಾಡಿನ ಹಸುರಿನಲ್ಲಿ ಎಷ್ಟು ಪಾಲು ಮಳೆಯದು, ಎಷ್ಟು ಪಾಲು ಮನುಷ್ಯನದು ಎಂಬುದನ್ನು ಬೇರ್ಪಡಿಸುವುದು ಸುಲಭವಲ್ಲ. ಆದರೂ ಬಿನ್ನಹದ ವರ್ಣನೆಯು ಬೇರ್ಪಡಿಸಿತು.

ಫಲವೇನಾಯಿತು? ಪಟ್ಟಿಗೆ ಸೇರುವ ಮೊದಲೇ ಕರ್ನಾಟಕ ಸರ್ಕಾರವು ತನ್ನ ತಾಣಗಳ ವಿಷಯದಲ್ಲಿ ಆಕ್ಷೇಪವನ್ನೆತ್ತಿತು. ಕೊಡಗಿನಲ್ಲಿ ಪ್ರತಿಭಟನೆಗಳು ನಡೆದವು. ಆ ಹತ್ತು ತಾಣಗಳು ಮೊದಲೇ ಅಭಯಾರಣ್ಯಗಳೋ, ರಾಷ್ಟ್ರೀಯ ಉದ್ಯಾನವೋ, ರಕ್ಷಿತಾರಣ್ಯಗಳೋ ಆಗಿದ್ದವು. ಮನ್ನಣೆಯಿಂದ ಹೊಸ ನಿರ್ಬಂಧವಿಲ್ಲವೆಂದು ಅದರ ಪರವಾದವರು ಎಷ್ಟು ಹೇಳಿದರೂ ಜನರಿಗೆ ನಂಬಿಕೆ ಹುಟ್ಟಲಿಲ್ಲ. ೨೦೧೧ರ ಗಾಡ್ಗೀಳ್ ಸಮಿತಿಯ ವರದಿ, ೨೦೧೩ರ ಕಸ್ತೂರಿರಂಗನ್ ಸಮಿತಿಯ ವರದಿ, ವಿಶ್ವ ಪರಂಪರೆಯ ಮನ್ನಣೆ—ಈ ಮೂರೂ ಬೇರೆ ಬೇರೆಯಾಗಿದ್ದರೂ ಜನರ ಮನಸ್ಸಿನಲ್ಲಿ ಒಂದೇ ಭಯವಾಗಿ ಬೆರೆತವು. ಈ ಭಯವನ್ನು ಅಜ್ಞಾನವೆಂದು ತಳ್ಳಿಹಾಕುವುದು ಸುಲಭ. ಸ್ವಾರ್ಥಿಗಳು ಅದನ್ನು ಬೆಳೆಸಿದರೆಂಬುದೂ ಸುಳ್ಳಾಗಿರಲಾರದು. ಆದರೆ ತನ್ನ ಊರಿನ ವರ್ಣನೆಯಲ್ಲಿ ತನ್ನ ಹೆಸರಿಲ್ಲದುದನ್ನು ಕಂಡವನು ಆ ಊರಿನಲ್ಲಿ ನಾಳೆ ತನಗೆ ಎಡೆಯಿಲ್ಲವೆಂದು ಊಹಿಸಿದರೆ, ಆ ಊಹೆಯನ್ನು ತರ್ಕಶೂನ್ಯವೆನ್ನಲಾಗುವುದಿಲ್ಲ.

೬

ವಿಚಿತ್ರವೇನೆಂದರೆ, ಬಿನ್ನಹದಲ್ಲಿ ಬಿಟ್ಟುಹೋದ ಪ್ರಕರಣವು ಕನ್ನಡದಲ್ಲಿ ಮೊದಲೇ ಬರೆದಾಗಿತ್ತು. ಕುವೆಂಪು ಅವರ 'ಮಲೆನಾಡಿನ ಚಿತ್ರಗಳು' ೧೯೩೩ರಲ್ಲಿಯೂ, 'ಕಾನೂರು ಹೆಗ್ಗಡಿತಿ' ೧೯೩೬ರಲ್ಲಿಯೂ, 'ಮಲೆಗಳಲ್ಲಿ ಮದುಮಗಳು' ೧೯೬೭ರಲ್ಲಿಯೂ ಹೊರಬಂದವು. ಅವರ ತೀರ್ಥಹಳ್ಳಿಯ ಸೀಮೆಯಲ್ಲಿಯೇ ಪಟ್ಟಿಯ ಆಗುಂಬೆಯ ಕಾಡೂ ಇದೆ. ಶಿವರಾಮ ಕಾರಂತರ 'ಬೆಟ್ಟದ ಜೀವ'ವು ೧೯೪೩ರದು. ಅದರ ನೆಲೆಯು ಸುಬ್ರಹ್ಮಣ್ಯದ ಕಡೆಯ, ಕುಮಾರಪರ್ವತದ ತಪ್ಪಲು. ಆ ಪರ್ವತವೇ ಪುಷ್ಪಗಿರಿಯ ಅಭಯಾರಣ್ಯದ ಶಿಖರ.

'ಬೆಟ್ಟದ ಜೀವ'ವನ್ನು 'ಮೈಕೇಲ್' ಕವನದೊಡನೆ ಇಟ್ಟು ನೋಡಿದರೆ ಸಾದೃಶ್ಯವು ಅಚ್ಚರಿಯನ್ನುಂಟುಮಾಡುತ್ತದೆ. ಇಲ್ಲಿಯೂ ಒಬ್ಬ ಮುದುಕ, ಗೋಪಾಲಯ್ಯ. ಒಬ್ಬ ಮುದುಕಿ, ಶಂಕರಿ. ಇಲ್ಲಿಯೂ ಊರು ಬಿಟ್ಟು ಹೋಗಿ ಹಿಂದಿರುಗದ ಮಗ, ಶಂಭು. ಇಲ್ಲಿಯೂ ಮುಂದೆ ಈ ನೆಲವನ್ನು ಯಾರು ನೋಡಿಕೊಳ್ಳುವರೆಂಬ ಪ್ರಶ್ನೆಯೇ ಕೃತಿಯ ನರ. ಭೇದವೂ ಅಷ್ಟೇ ಮುಖ್ಯವಾದುದು. ಮೈಕೇಲನು ಪೂರ್ವಿಕರಿಂದ ಬಂದ ಹೊಲವನ್ನು ಉಳಿಸಿಕೊಳ್ಳಲು ಹೆಣಗುವವನು. ಗೋಪಾಲಯ್ಯನು ಕಾಡನ್ನು ಕಡಿದು ತೋಟ ಮಾಡಿದವನು. ಆನೆಯೂ ಹುಲಿಯೂ ಅವನಿಗೆ ದರ್ಶನೀಯ ಪ್ರಾಣಿಗಳಲ್ಲ, ನೆರೆಹೊರೆಯ ಎದುರಾಳಿಗಳು. ಮಗನಿಲ್ಲದ ಕೊರತೆಯನ್ನು ನಾರಾಯಣ ಲಕ್ಷ್ಮಿಯೆಂಬ ದಂಪತಿಗಳ ಮೇಲಿನ ಮಮತೆಯಿಂದ ತುಂಬಿಕೊಳ್ಳುವ ಆ ಮುದುಕನನ್ನು ಮೊದಲ ಪ್ರಕ���ಣದ ವರ್ಣಕನು ಏನೆಂದು ಕರೆದಾನು? ಒತ್ತುವರಿದಾರನೆಂದು ಕರೆದಾನು. ಕಾರಂತರು ಅವನನ್ನು ಬೆಟ್ಟದ ಜೀವವೆಂದು ಕರೆದರು. ಈ ಎರಡು ಹೆಸರುಗಳ ನಡುವೆ ಇರುವ ದೂರವೇ ಇಂದಿನ ಮಲೆನಾಡಿನ ಬಿಕ್ಕಟ್ಟಿನ ದೂರ.

ಹಾಗೆಂದು ಸಾಹಿತ್ಯವನ್ನು ಮುಂದಿಟ್ಟುಕೊಂಡು ಜನಜೀವನವನ್ನು ಹೊಗಳಿ ಬಿಡುವುದೂ ತಪ್ಪಾದೀತು. ವರ್ಡ್ಸ್‌ವರ್ತನ ಗಣರಾಜ್ಯದಲ್ಲಿ ಕಾನಿಸ್ಟನ್ನಿನ ತಾಮ್ರದ ಗಣಿಯೂ ಬಾರೊಡೇಲಿನ ಸೀಸದಕಡ್ಡಿಯ ಗಣಿಯೂ ಅಲ್ಲಿ ದುಡಿದವರೂ ಎದ್ದು ಕಾಣುವುದಿಲ್ಲ. ಆ ಚಿತ್ರವು ಬಹಳ ಸಮಾಧಾನದ್ದು. ನಮ್ಮ ಕಾದಂಬರಿಕಾರರು ಇಷ್ಟು ಮರೆಗುಳಿಗಳಲ್ಲ. 'ಕಾನೂರು ಹೆಗ್ಗಡಿತಿ'ಯಲ್ಲಿ ಗೌಡರ ಮನೆಯ ವೈಭವದ ಬೆನ್ನಿಗೇ ಆಳುಗಳ ಸಾಲ, ಹೊಡೆತ, ಹಸಿವುಗಳಿವೆ. ಸಂಸ್ಕೃತಿಯನ್ನು ಕಾಪಾಡಬೇಕೆಂದಾಗ ಯಾರ ಸಂಸ್ಕೃತಿಯನ್ನು ಎಂಬ ಪ್ರಶ್ನೆಯನ್ನು ಆ ಗ್ರಂಥವೇ ಎತ್ತುತ್ತದೆ. ಥರ್ಲ್‌ಮಿಯರ್ ಕಣಿವೆಯಂತೆಯೇ ನಮ್ಮಲ್ಲಿಯೂ ೧೯೬೪ರಲ್ಲಿ ಮುಗಿದ ಲಿಂಗನಮಕ್ಕಿಯ ಅಣೆಕಟ್ಟಿನಿಂದ ಶರಾವತಿಯ ಕಣಿವೆಯ ಊರುಗಳು ಮುಳುಗಿದವು. 'ಮುಳುಗಡೆ' ಎಂಬ ಮಾತು ಅಲ್ಲಿಯ ಜನರ ಬಾಯಲ್ಲಿ ಒಂದು ಕಾಲದ ಹೆಸರೇ ಆಯಿತು. ನಾ. ಡಿಸೋಜ ಅವರು ತಮ್ಮ ಕಾದಂಬರಿಗಳಲ್ಲಿ ಆ ದುಃಖವನ್ನು ಬರೆದಿಟ್ಟರು. ಇವೆಲ್ಲವೂ ಸಾಕ್ಷ್ಯಗಳು. ಬಿನ್ನಹಪತ್ರಕ್ಕೆ ಅಂಕಿ ಅಂಶಗಳು ಎಷ್ಟು ಬೇಕೋ ಇಂಥ ಸಾಕ್ಷ್ಯಗಳೂ ಅಷ್ಟೇ ಬೇಕು.

೭

ಇಲ್ಲಿ ಎರಡು ಆಕ್ಷೇಪಗಳಿಗೆ ಉತ್ತರ ಹೇಳಬೇಕಾಗಿದೆ. ಮೊದಲನೆಯದು: ಜನಜೀವನವನ್ನು ಪರಂಪರೆಯೆಂದು ಸಾರಿದರೆ ಅದು ಹೆಪ್ಪುಗಟ್ಟುವುದಿಲ್ಲವೆ? ಸರೋವರಸೀಮೆಗೆ ಮನ್ನಣೆ ದೊರೆತಾಗ ಜಾರ್ಜ್ ಮಾನ್‌ಬಿಯೊ ಎಂಬ ಲೇಖಕನು ಇದನ್ನೇ ತೀಕ್ಷ್ಣವಾಗಿ ಹೇಳಿದನು. ಬೆಟ್ಟಗಳನ್ನು ಮರವಿಲ್ಲದಂತೆ ಮಾಡಿದ್ದೇ ಕುರಿ. ಅದನ್ನು ಪರಂಪರೆಯೆಂದು ಕೊಂಡಾಡಿದರೆ ಕಾಡು ಮರಳಿ ಬರುವ ದಾರಿ ಮುಚ್ಚಿಹೋಗುತ್ತದೆ ಎಂಬುದು ಅವನ ವಾದ. ಇದರಲ್ಲಿ ಹುರುಳಿದೆ. ಆದರೆ ಈ ವಾದವು ಹುಟ್ಟಲು ಸಾಧ್ಯವಾದುದಾದರೂ ಹೇಗೆ? ಬಿನ್ನಹದಲ್ಲಿ ಕುರುಬನನ್ನು ಹೆಸರಿಸಿದ್ದರಿಂದ. ಹೆಸರಿಸಿದವನೊಡನೆ ವಾದಿಸಬಹುದು, ಒಪ್ಪಂದವನ್ನೂ ಮಾಡಿಕೊಳ್ಳಬಹುದು. ಹೆಸರಿಸದವನನ್ನು ಎಬ್ಬಿಸುವುದೊಂದೇ ಉಳಿಯುತ್ತದೆ.

ಎರಡನೆಯ ಆಕ್ಷೇಪ: ಒಮ್ಮೆ ಪ್ರಕೃತಿಯ ಕಾರಣದಿಂದ ಪಟ್ಟಿಗೆ ಸೇರಿದ ಮೇಲೆ ಇನ್ನೇನು ಮಾಡಲು ಸಾಧ್ಯ? ಇದಕ್ಕೆ ನ್ಯೂಜಿಲೆಂಡಿನ ಟಾಂಗರೀರೊ ಪರ್ವತವು ಉತ್ತರವಾಗಿದೆ. ಮಾವೊರಿ ಜನರಿಗೆ ಪವಿತ್ರವಾದ ಆ ಶಿಖರಗಳನ್ನು ಅವರ ನಾಯಕನು ೧೮೮೭ರಲ್ಲಿ ಪ್ರಭುತ್ವಕ್ಕೆ ಒಪ್ಪಿಸಿದ್ದನು. ೧೯೯೦ರಲ್ಲಿ ಪರ್ವತವು ಪ್ರಕೃತಿಯ ಕಾರಣದಿಂದ ಮಾತ್ರ ಪಟ್ಟಿಗೆ ಸೇರಿತು. ಹೊಸ ವರ್ಗವು ಸಿದ್ಧವಾದೊಡನೆ, ೧೯೯೩ರಲ್ಲಿ, ಆ ಜನರಿಗೂ ಆ ಪರ್ವತಕ್ಕೂ ಇರುವ ಸಂಬಂಧವನ್ನು ಗುರುತಿಸಿ ಅದನ್ನು ಎರಡನೆಯ ಬಾರಿ ಸೇರಿಸಿದರು. ಸಾಂಸ್ಕೃತಿಕ ಭೂದೃಶ್ಯವೆಂದು ಪಟ್ಟಿಯಲ್ಲಿ ಮೊದಲು ಸೇರಿದುದು ಇದೇ. ವರ್ಣನೆಯನ್ನು ತಿದ್ದಬಹುದು ಎಂಬುದಕ್ಕೆ ಇದಕ್ಕಿಂತ ಮಿಗಿಲಾದ ನಿದರ್ಶನ ಬೇಕಿಲ್ಲ.

ಆದಕಾರಣ ಮಲೆನಾಡಿನ ವಿಷಯದಲ್ಲಿ ಮನ್ನಣೆ ಬೇಕೆ ಬೇಡವೆ ಎಂಬ ಜಗಳಕ್ಕಿಂತ, ಅದರ ಎರಡನೆಯ ಪ್ರಕರಣವನ್ನು ಯಾರು ಬರೆಯಬೇಕು ಎಂಬ ಪ್ರಶ್ನೆಯು ಮೊದಲು ಇತ್ಯರ್ಥವಾಗಬೇಕಾಗಿದೆ. ಅದನ್ನು ಬರೆಯುವಾಗ ಸಸ್ಯಶಾಸ್ತ್ರಜ್ಞನ ಪಕ್ಕದಲ್ಲಿ ಸೊಪ್ಪಿನಬೆಟ್ಟದ ಒಡೆಯನೂ, ಅವನ ಪಕ್ಕದಲ್ಲಿ ಆ ಬೆಟ್ಟದಿಂದ ಸೊಪ್ಪಿನ ಹೊರೆಯನ್ನು ಹೊತ್ತ ಆಳೂ, ದೇವರಕಾಡಿನ ತಕ್ಕಮುಖ್ಯಸ್ಥನೂ ಕುಳಿತುಕೊಳ್ಳಬೇಕು. ಮಲೆನಾಡಿನ ಮಾತುಗಳಿಗೆ—ಕಾನು, ಹಾಡ್ಯ, ಬಾಣೆ, ಕುಮ್ಕಿ, ಸೊಪ್ಪಿನಬೆಟ್ಟ—ಅವುಗಳ ನಿಜವಾದ ಅರ್ಥದೊಡನೆ ಆ ಪತ್ರದಲ್ಲಿ ಎಡೆ ದೊರೆಯಬೇಕು. ಇವೆಲ್ಲವನ್ನೂ 'ಅರಣ್ಯ' ಎಂಬ ಒಂದೇ ಮಾತಿನಲ್ಲಿ ಮುಳುಗಿಸಿದುದರಿಂದಲೇ ಹಕ್ಕುಗಳೂ ಹೊಣೆಗಳೂ ಮುಳುಗಿವೆ. ಇದು ಅಧಿಕಾರಿಗಳೊಬ್ಬರಿಂದಲೇ ಆಗುವ ಕಾರ್ಯವಲ್ಲ. ಈ ಮಾತುಗಳನ್ನು ಊರೂರಿನಲ್ಲಿ ಕೇಳಿ, ಕೂಡಿಹಾಕಿ, ಅರ್ಥವನ್ನು ನಿಶ್ಚಯಿಸುವುದು ಭಾಷೆಯನ್ನು ಬಲ್ಲವರ ಕೆಲಸ. 'ಬೆಟ್ಟದ ಜೀವ'ವನ್ನು ತರಗತಿಯಲ್ಲಿ ಪಾಠ ಹೇಳುವ ಉಪಾಧ್ಯಾಯರಿಗೆ ಅದರಲ್ಲಿ ಪಾಲುಂಟು. ಗೋಪಾಲಯ್ಯನ ಪ್ರಶ್ನೆಯಾದ 'ಮುಂದೆ ಯಾರು?' ಎಂಬುದು ಪರೀಕ್ಷೆಯ ಪ್ರಶ್ನೆಯಾಗಿ ಮಾತ್ರ ಉಳಿಯುವ ಮುನ್ನ ಆ ಕೆಲಸವು ಆರಂಭವಾಗಬೇಕು.